ಪಟ್ಟದ ಋಣ

ಅರಸನನ್ನು ಮಾಡುವ ವಿಧಿಗೆ ಕನ್ನಡದಲ್ಲಿ ‘ಪಟ್ಟ ಕಟ್ಟುವದು’ ಎಂಬ ಮಾತು ಬಹುಕಾಲದಿಂದ ರೂಢವಾಗಿದೆ. ಪಟ್ಟವೆಂದರೆ ಮೂಲದಲ್ಲಿ ಹಣೆಗೆ ಕಟ್ಟುವ ಪಟ್ಟಿ. ರೇಶಿಮೆಯದಿರಲಿ, ಬಂಗಾರದ ತಗಡಿನದಿರಲಿ, ಅದೊಂದು ಅಲಂಕಾರ. ಆ ಅಲಂಕಾರದ ಹೆಸರೇ ಕ್ರಮೇಣ ಅಧಿಕಾರದ ಹೆಸರಾಯಿತು. ಪಟ್ಟದರಸಿ, ಪಟ್ಟದಾನೆ, ಪಟ್ಟಾಭಿಷೇಕ ಮೊದಲಾದ ಶಬ್ದಗಳು ಅದರಿಂದಲೇ ಹುಟ್ಟಿದವು. ಬಾದಾಮಿಯ ಸಮೀಪದಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ಕಿಸುವೊಳಲು ಪಟ್ಟದಕಲ್ಲೆಂದು ಹೆಸರಾದದ್ದು, ಅಲ್ಲಿ ಚಾಲುಕ್ಯ ಅರಸರಿಗೆ ಪಟ್ಟಗಟ್ಟುತ್ತಿದ್ದರೆಂಬ ನಂಬಿಕೆಯಿಂದ. ಈ ಮಾತಿನಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಪಟ್ಟವನ್ನು ಕಟ್ಟುವವರು ಬೇರೆ, ಕಟ್ಟಿಸಿಕೊಳ್ಳುವವನು ಬೇರೆ. ತನ್ನ ಹಣೆಗೆ ತಾನೇ ಬಿಗಿದುಕೊಂಡದ್ದನ್ನು ಜನರು ಪಟ್ಟವೆಂದು ಕರೆಯುವದಿಲ್ಲ. ಹಾಗಿದ್ದ ಮೇಲೆ ಒಂದು ಪ್ರಶ್ನೆ ಏಳುವದು ಸಹಜ: ರಾಜಚಿಹ್ನವು ಧರಿಸಿದವನ ಸ್ವತ್ತೋ, ಅಥವಾ ಅವನ ಮೈಮೇಲೆ ಕೆಲವು ಕಾಲ ಇಟ್ಟ ನ್ಯಾಸವೋ? ನ್ಯಾಸವೆಂದಾದರೆ ಅದನ್ನು ಇಟ್ಟವರು ಯಾರು, ತಿರುಗಿ ಒಪ್ಪಿಸಬೇಕಾದದ್ದು ಯಾರಿಗೆ?

ಈ ಪ್ರಶ್ನೆಯನ್ನು ವಿಚಾರಿಸುವದಕ್ಕೆ ಬನಶಂಕರಿ ಬಾದಾಮಿಗಳ ಸೀಮೆಗಿಂತ ತಕ್ಕ ಸ್ಥಳವು ಕನ್ನಡ ನಾಡಿನಲ್ಲಿ ವಿರಳ. ಇಲ್ಲಿಯ ಬೆಟ್ಟವನ್ನು ಮೊದಲನೆಯ ಪುಲಕೇಶಿಯು ಕ್ರಿ.ಶ. 543ರಲ್ಲಿ ಕೋಟೆಯನ್ನಾಗಿ ಮಾಡಿದನು. ಅವನ ಮಗನಾದ ಕೀರ್ತಿವರ್ಮನ ಆಳಿಕೆಯಲ್ಲಿ, ಶಕ 500ರಲ್ಲಿ, ಎಂದರೆ ಕ್ರಿ.ಶ. 578ರಲ್ಲಿ, ಕೀರ್ತಿವರ್ಮನ ತಮ್ಮನಾದ ಮಂಗಲೇಶನು ಇಲ್ಲಿಯ ಮೂರನೆಯ ಗುಹೆಯನ್ನು ವಿಷ್ಣುವಿನ ಆಲಯವನ್ನಾಗಿ ಕೊರೆಯಿಸಿದನು. ಆ ಗುಹೆಯ ಮೊಗಸಾಲೆಯ ಒಂದು ಕೊನೆಯಲ್ಲಿ ಅನಂತನ ಸುರುಳಿಯ ಮೇಲೆ ರಾಜಲೀಲೆಯಿಂದ ಕುಳಿತ ವಿಷ್ಣುವಿನ ಮೂರ್ತಿಯುಂಟು. ನೋಡಿದವನಿಗೆ ಅದು ಸಿಂಹಾಸನಾರೂಢನಾದ ಚಕ್ರವರ್ತಿಯ ಮೂರ್ತಿಯೆಂದೇ ತೋರಬೇಕು. ತಲೆಯ ಮೇಲೆ ಎತ್ತರವಾದ ಕಿರೀಟ, ಕೊರಳಲ್ಲಿ ಹಾರ, ತೋಳಲ್ಲಿ ಕೇಯೂರ, ನಡುವಿನಲ್ಲಿ ಕಟಿಸೂತ್ರ. ಕಲ್ಲಿನಲ್ಲಿ ಮಣಿ ಮಣಿಯಾಗಿ ಬಿಡಿಸಿದ ಆ ಸರಗಳು ಕೆಂಪು ಮರಳುಗಲ್ಲಿನವು. ಬೆಲೆಯಿಂದ ನೋಡಿದರೆ ಬೆಟ್ಟದ ಕಲ್ಲೇ ಹೊರತು ಬೇರೇನೂ ಅಲ್ಲ. ಆದರೆ ಅರಮನೆಯ ಭಂಡಾರದಲ್ಲಿದ್ದ ನಿಜವಾದ ಮುತ್ತುಗಳಲ್ಲಿ ಇಂದು ಒಂದೂ ಉಳಿದಿಲ್ಲ; ಕಲ್ಲಿನ ಮುತ್ತು ಮಾತ್ರ ಹದಿನಾಲ್ಕು ಶತಮಾನಗಳನ್ನು ಕಳೆದು ನಿಂತಿದೆ.

ಇಂತಹ ಮಹಾಕಾರ್ಯವನ್ನು ಮಾಡಿಸಿದ ಅರಸುಕುಮಾರನು ತನ್ನ ಮೈಯ ಮೂರ್ತಿಯನ್ನು ಅಲ್ಲಿ ಮುಖ್ಯವಾಗಿ ನಿಲ್ಲಿಸಲಿಲ್ಲ. ಅರಸುತನದ ವೈಭವವನ್ನೆಲ್ಲ ದೇವರ ಮೈಗೆ ತೊಡಿಸಿದನು. ಅಷ್ಟೇ ಅಲ್ಲ. ಗುಹೆಯಲ್ಲಿಯ ಅವನ ಸಂಸ್ಕೃತ ಶಾಸನವು ಇನ್ನೊಂದು ಅಪೂರ್ವವಾದ ಸಂಗತಿಯನ್ನು ತಿಳಿಸುತ್ತದೆ. ಈ ಧರ್ಮಕಾರ್ಯದ ಪುಣ್ಯವು ಅಣ್ಣನಾದ ಕೀರ್ತಿವರ್ಮನಿಗೆ ಸಲ್ಲಲಿ, ತನಗೆ ಅಣ್ಣನ ಶುಶ್ರೂಷೆಯ ಫಲವೊಂದು ಇರಲಿ ಎಂಬದು ಅದರ ತಾತ್ಪರ್ಯ. ವೆಚ್ಚ ಮಾಡಿದವನು ತಮ್ಮ, ಪುಣ್ಯ ಅಣ್ಣನದು, ಅಲಂಕಾರ ದೇವರದು. ಚಿಹ್ನವು ನ್ಯಾಸವೆಂಬ ಭಾವಕ್ಕೆ ಇದಕ್ಕಿಂತ ಸ್ಪಷ್ಟವಾದ ಲೇಖವು ಸಿಕ್ಕುವದು ಕಠಿಣ.

ಇಲ್ಲಿ ಪೂರ್ವಪಕ್ಷವನ್ನು ಹಿಡಿಯುವವನೊಬ್ಬನು ಹೀಗೆ ಕೇಳಬಹುದು: “ಇದು ವಿನಯವಲ್ಲ, ಉಪಾಯ. ದೇವರಿಗೆ ಅರಸನ ವೇಷವನ್ನು ಹಾಕಿದರೆ, ಜನರು ಮರುದಿನ ಅರಸನಲ್ಲಿ ದೇವರನ್ನು ಕಾಣುವರು. ಕಲ್ಲಿನ ಹಾರವನ್ನು ದೇವರಿಗೆ ಕೊಟ್ಟು ಮುತ್ತಿನ ಹಾರವನ್ನು ತಾನು ಇಟ್ಟುಕೊಳ್ಳುವದರಲ್ಲಿ ತ್ಯಾಗವೇನು ಬಂತು?” ಈ ಆಕ್ಷೇಪವನ್ನು ಹಗುರಾಗಿ ತಳ್ಳಿಹಾಕುವದಕ್ಕೆ ಬರುವದಿಲ್ಲ. ದೇವರ ಮುಂದೆ ಅರಸನು ಅಡಗಿದ್ದಾನೆಯೋ, ದೇವರ ಹಿಂದೆ ಅಡಗಿದ್ದಾನೆಯೋ ಎಂಬದನ್ನು ಶಿಲ್ಪವನ್ನು ನೋಡಿದ ಮಾತ್ರಕ್ಕೆ ಹೇಳಲಾಗದು. ಆದುದರಿಂದ, ಅರಸನ ಮೂರ್ತಿಯನ್ನು ದೇವರ ಮರೆಯಿಲ್ಲದೆ ನೇರವಾಗಿ ಮಾಡಿ, ಅದಕ್ಕೆ ನಿಜವಾದ ಮಣಿಗಳನ್ನೇ ತೊಡಿಸುವ ಬೇರೊಂದು ಜನಾಂಗದ ನಡವಳಿಕೆಯನ್ನು ಇದರ ಬದಿಗಿಟ್ಟು ನೋಡುವದು ಪ್ರಯೋಜನಕರವಾಗಿದೆ.

ಆಫ್ರಿಕಾ ಖಂಡದ ಪಶ್ಚಿಮದಲ್ಲಿ ಕ್ಯಾಮರೂನ್ ಎಂಬ ದೇಶವಿದೆ. ಅದರ ಪಶ್ಚಿಮಭಾಗದ ಹುಲ್ಲುಗಾವಲಿನ ಎತ್ತರದ ನಾಡಿನಲ್ಲಿ ಬಾಮಿಲೆಕೆ ಎಂಬ ಜನರು ಅನೇಕ ಚಿಕ್ಕ ಚಿಕ್ಕ ಸಂಸ್ಥಾನಗಳಾಗಿ ನೆಲೆಸಿದ್ದಾರೆ. ಬಾಂಜೂನ್, ಬಾಹಾಮ್, ಬಾನಾ ಮುಂತಾದವು ಆ ಸಂಸ್ಥಾನಗಳ ಹೆಸರುಗಳು. ಅಲ್ಲಿಯ ಅರಸನಿಗೆ ‘ಫೋ’ ಎಂದು ಹೆಸರು. ದೇಶವು 1960ರಲ್ಲಿ ಸ್ವತಂತ್ರವಾಗಿ ಗಣರಾಜ್ಯವಾದರೂ ಈ ಅರಸರ ಪೀಠಗಳು ಸಂಪ್ರದಾಯದ ಗೌರವವನ್ನು ಹೊಂದಿ ಇಂದಿಗೂ ಉಳಿದಿವೆ. ಬಾಮಿಲೆಕೆಯವರ ಶಿಲ್ಪಿಗಳು ಅರಸನ ಪೀಠವನ್ನೂ, ಅರಸ ಅರಸಿಯರ ಮೂರ್ತಿಗಳನ್ನೂ ಮೊದಲು ಕಟ್ಟಿಗೆಯಲ್ಲಿ ಕೆತ್ತುತ್ತಾರೆ. ಆ ಮೇಲೆ ಕಟ್ಟಿಗೆಯ ಮೈಗೆ ಬಟ್ಟೆಯನ್ನು ಬಿಗಿಯಾಗಿ ಹೊದಿಸಿ, ಬಣ್ಣಬಣ್ಣದ ಗಾಜಿನ ಮಣಿಗಳನ್ನು ದಾರದಲ್ಲಿ ಪೋಣಿಸಿ, ಸಾಲುಸಾಲಾಗಿ ಆ ಬಟ್ಟೆಗೆ ಹೊಲಿಯುತ್ತಾರೆ. ಕೆಲಸವು ಮುಗಿದಾಗ ಕಟ್ಟಿಗೆಯು ಬಹುಮಟ್ಟಿಗೆ ಕಾಣುವದಿಲ್ಲ. ಮೂರ್ತಿಯು ಮಣಿಗಳಿಂದಲೇ ಬೆಳೆದಂತೆ ತೋರುತ್ತದೆ.

ಆ ಮಣಿಗಳ ವಿನ್ಯಾಸವು ಬರಿಯ ಅಂದಕ್ಕಾಗಿ ಅಲ್ಲ. ಚಿರತೆ ಮತ್ತು ಆನೆಗಳು ಅರಸನ ಬಲವನ್ನು ಸೂಚಿಸುತ್ತವೆ. ಎರಡು ತಲೆಯ ಹಾವು ಎರಡೂ ಕಡೆಯ ವೈರಿಗಳನ್ನು ಏಕಕಾಲಕ್ಕೆ ಎದುರಿಸುವ ಶಕ್ತಿಯ ಗುರುತು. ಕಪ್ಪೆಯು ಸಂತಾನ ಸಮೃದ್ಧಿಯ ಗುರುತು. ನೆಲದೊಳಗೆ ಬಿಲ ಮಾಡಿಕೊಂಡಿರುವ ಜೇಡನನ್ನು ಅಲ್ಲಿಯವರು ಶಕುನ ಕೇಳುವದಕ್ಕೆ ಉಪಯೋಗಿಸುವದರಿಂದ, ಜೇಡವು ಸತ್ತ ಹಿರಿಯರ ಲೋಕದ ಜ್ಞಾನವನ್ನು ಬಲ್ಲ ಪ್ರಾಣಿಯೆಂದು ಎಣಿಸಲ್ಪಟ್ಟಿದೆ. ಮಣಿಗಳ ಬಳಕೆಯೂ ಎಲ್ಲರಿಗೆ ಸಲ್ಲುವದಿಲ್ಲ. ಅರಸನಿಗೂ, ಅರಸನು ಅನುಮತಿಯಿತ್ತ ಗಣ್ಯರಿಗೂ ಮಾತ್ರ ಅದು ಯೋಗ್ಯ. ಕುವೋಸಿ ಎಂಬ ಒಂದು ಗೂಢವಾದ ಗಣದವರು ಉತ್ಸವಗಳಲ್ಲಿ ಉದ್ದ ಸೊಂಡಿಲೂ ಅಗಲವಾದ ಕಿವಿಗಳೂ ಉಳ್ಳ, ಮಣಿ ಹೊಲಿದ ಆನೆಯ ಮುಖವಾಡಗಳನ್ನು ಧರಿಸಿ ಅರಸನ ಮುಂದೆ ಕುಣಿಯುತ್ತಾರೆ.

ಇಷ್ಟನ್ನೇ ಕೇಳಿದವರು ‘ಅದೂ ಒಂದು ಆಡಂಬರವೇ’ ಎನ್ನಬಹುದು. ಆದರೆ ಆ ಪೀಠದ ಮೇಲೆ ಕುಳ್ಳಿರುವವನಿಗೆ ಅವರು ವಿಧಿಸಿದ ನಿಯಮವನ್ನೂ ಕೇಳಬೇಕು. ಅರಸನು ಸತ್ತ ಮೇಲೆ ಅವನ ಮಕ್ಕಳಲ್ಲಿ ಹೊಸ ಅರಸನಾಗತಕ್ಕವನನ್ನು ಸಂಸ್ಥಾನದ ಹಿರಿಯರು ಜನರ ನಡುವಿನಿಂದ ಹಿಡಿದು ತರುತ್ತಾರೆ. ಹಾಗೆ ಹಿಡಿಯಲ್ಪಟ್ಟವನು ಒಡನೆಯೇ ಪೀಠವೇರುವದಿಲ್ಲ. ‘ಲಾಕಾಮ್’ ಎಂಬ ಪ್ರತ್ಯೇಕವಾದ ಸ್ಥಳದಲ್ಲಿ ಕೆಲವು ಕಾಲ ಬೇರೆಯಾಗಿದ್ದು ಹಿರಿಯರಿಂದ ಅರಸುತನದ ಕಟ್ಟುಪಾಡುಗಳನ್ನು ಕಲಿಯಬೇಕು. ಒಂಬತ್ತು ಜನ ಹಿರಿಯರ ಸಭೆಯೊಂದು ಅನೇಕ ಸಂಸ್ಥಾನಗಳಲ್ಲಿ ಅರಸನ ಬದಿಯಲ್ಲಿಯೇ ಇರುತ್ತದೆ. ಪೂರ್ವದ ಅರಸರ ಮೂರ್ತಿಗಳೂ ಪೀಠಗಳೂ ಅರಮನೆಯ ಭಂಡಾರದಲ್ಲಿದ್ದು, ವಿಶೇಷವಾದ ಸಮಾರಂಭಗಳಲ್ಲಿ ಹೊರಗೆ ಬರುತ್ತವೆ. ಆಗ ಇರುವ ಅರಸನ ಸುತ್ತಲೂ ಇಲ್ಲದ ಅರಸರೆಲ್ಲ ನಿಂತು ನೋಡುತ್ತಿರುವಂತಾಗುತ್ತದೆ. ತಾನೂ ಒಂದು ದಿನ ಆ ಸಾಲಿನಲ್ಲಿ ಕಟ್ಟಿಗೆಯಾಗಿ ನಿಲ್ಲತಕ್ಕವನು ಎಂಬದನ್ನು ಕಣ್ಣೆದುರಿಗೆ ಕಾಣುವ ಅರಸನಿಗೆ, ಮಣಿಯು ತನ್ನದೆಂದು ಹೇಳಿಕೊಳ್ಳುವದು ಸುಲಭವಲ್ಲ.

ಹೀಗೆ ಬಾದಾಮಿಯ ಕಲ್ಲಿಗೂ ಬಾಮಿಲೆಕೆಯ ಕಟ್ಟಿಗೆಗೂ ರೂಪದಲ್ಲಿ ಸಾದೃಶ್ಯವಿಲ್ಲದಿದ್ದರೂ ಅಂತರಾರ್ಥದಲ್ಲಿ ಒಂದು ಸಾದೃಶ್ಯವುಂಟು. ಎರಡರಲ್ಲಿಯೂ ಅಲಂಕಾರವು ವ್ಯಕ್ತಿಯದಲ್ಲ. ಒಂದು ಕಡೆಗೆ ಅದು ದೇವರದು. ಇನ್ನೊಂದು ಕಡೆಗೆ ಅದು ಹಿಂದಿನವರದು ಮತ್ತು ಮುಂದಿನವರದು. ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಈ ತತ್ತ್ವವನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ. ಕರಿಮಣಿಯು ಗಾಜಿನದು, ಪೇಟೆಯಲ್ಲಿ ಅದಕ್ಕೆ ಹೇಳಿಕೊಳ್ಳುವಂತಹ ಬೆಲೆಯಿಲ್ಲ. ಆದರೂ ಕೊರಳಲ್ಲಿಯ ಬಂಗಾರದ ಸರವನ್ನು ಕಷ್ಟಕಾಲಕ್ಕೆ ಒತ್ತೆಯಿಟ್ಟವಳು ಕರಿಮಣಿಯನ್ನು ಬಿಚ್ಚಿಡುವದಿಲ್ಲ. ಏಕೆಂದರೆ ಅದು ಅವಳ ಸೊತ್ತಲ್ಲ, ಅವಳು ಒಪ್ಪಿಕೊಂಡ ಸಂಬಂಧ.

ಆದರೆ ಸಾದೃಶ್ಯವನ್ನು ಹೇಳಿ ಸುಮ್ಮನಾದರೆ ವಿಚಾರವು ಅರ್ಧಕ್ಕೆ ನಿಂತಂತಾಗುವದು. ಮಣಿಗೆ ಬೆಲೆಯೊಂದುಂಟು, ಅದನ್ನು ಯಾರೋ ತೆತ್ತಿದ್ದಾರೆ. ಬಾಮಿಲೆಕೆಯವರ ಗಾಜಿನ ಮಣಿಗಳಲ್ಲಿ ಬಹಳಷ್ಟು ಅವರ ನಾಡಿನಲ್ಲಿ ಹುಟ್ಟಿದವುಗಳಲ್ಲ. ವೆನಿಸ್ಸು, ಬೊಹಿಮಿಯಾ ಮೊದಲಾದ ಯುರೋಪಿನ ಪ್ರದೇಶಗಳಲ್ಲಿ ಮಾಡಲ್ಪಟ್ಟು, ಕರಾವಳಿಯ ವ್ಯಾಪಾರದ ದಾರಿಯಿಂದ ಬೆಟ್ಟವನ್ನೇರಿದವು. ಅವುಗಳ ಬದಲಿಗೆ ಕೆಳಗಿಳಿದು ಹೋದ ಸರಕುಗಳಲ್ಲಿ ಆನೆಯ ದಂತವಿತ್ತು. ಹಿಡಿದು ಮಾರಿದ ಮನುಷ್ಯರೂ ಇದ್ದರು. ಅರಸನ ಪೀಠವನ್ನು ಬೆಳಗಿಸಿದ ನೀಲಮಣಿಯ ಒಂದು ಸಾಲಿನ ಬೆಲೆ ಯಾವನೋ ಒಬ್ಬ ದಾಸನ ಮೈಯಾಗಿದ್ದಿರಬಹುದು. ನಮ್ಮ ಕಡೆಯ ಲೆಕ್ಕವೂ ನಿಷ್ಕಳಂಕವಾದದ್ದಲ್ಲ. ಮಂಗಲೇಶನು ಅಣ್ಣನ ಅನಂತರ ತಾನೇ ಪಟ್ಟವೇರಿ, ಕಲಚುರಿಗಳನ್ನು ಗೆದ್ದು, ಅವರಿಂದ ತಂದ ಸಂಪತ್ತನ್ನು ಮಹಾಕೂಟದ ಮಕುಟೇಶ್ವರನ ಉತ್ಸವಕ್ಕೆ ವಿನಿಯೋಗಿಸಿದನೆಂದು ಅವನ ಸ್ತಂಭಶಾಸನವೇ ಹೇಳುತ್ತದೆ. ಕ್ರಿ.ಶ. 602ರ ಆ ಕಂಬವು ಈಗ ವಿಜಯಪುರದ ಗೋಲಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ದೇವರಿಗೆ ಸಂದಿತೆಂಬ ಕಾರಣದಿಂದ ಕಸಿದುಕೊಂಡದ್ದು ದಾನವಾಗುವದೇ? ಕೊಡುವ ಕೈಯು ಶುದ್ಧವಾಗಿದ್ದರೂ ತಂದ ಕೈಯು ಅದೇ ಅಲ್ಲವೇ? ಧರ್ಮಶಾಸ್ತ್ರಕಾರರು ದಾನಕ್ಕೆ ನ್ಯಾಯಾರ್ಜಿತವಾದ ದ್ರವ್ಯವೇ ಬೇಕೆಂದು ವಿಧಿಸಿದ್ದು ನಿಷ್ಕಾರಣವಾಗಿ ಅಲ್ಲ.

ಮಂಗಲೇಶನ ಮುಂದಿನ ಕಥೆಯು ಇನ್ನೂ ಕಠೋರವಾದ ಪಾಠವನ್ನು ಕಲಿಸುತ್ತದೆ. ಕೀರ್ತಿವರ್ಮನ ಮಗನಾದ ಇಮ್ಮಡಿ ಪುಲಕೇಶಿಯು ಆಗ ಚಿಕ್ಕವನಾಗಿದ್ದುದರಿಂದ ಚಿಕ್ಕಪ್ಪನು ಪಟ್ಟವನ್ನು ವಹಿಸಿಕೊಂಡನೆಂದು ಇತಿಹಾಸಜ್ಞರು ಊಹಿಸುತ್ತಾರೆ. ಹುಡುಗನು ಬೆಳೆದನು, ಪಟ್ಟವು ಮಾತ್ರ ತಿರುಗಿ ಬರಲಿಲ್ಲ. ಮಂಗಲೇಶನು ರಾಜ್ಯವನ್ನು ತನ್ನ ಸ್ವಂತ ಮಗನಿಗೆ ಮಾಡಿಡುವ ಯತ್ನದಲ್ಲಿದ್ದನೆಂದೂ, ಪುಲಕೇಶಿಯು ಬಲವನ್ನು ಕೂಡಿಸಿಕೊಂಡು ತಿರುಗಿಬಿದ್ದನೆಂದೂ, ಆ ಯತ್ನ, ರಾಜ್ಯ, ಜೀವ ಈ ಮೂರನ್ನೂ ಮಂಗಲೇಶನು ಒಟ್ಟಿಗೆ ಕಳೆದುಕೊಂಡನೆಂದೂ ಐಹೊಳೆಯ ಮೇಗುತಿಯಲ್ಲಿ ಕ್ರಿ.ಶ. 634ರಲ್ಲಿ ರವಿಕೀರ್ತಿಯು ಬರೆದ ಪ್ರಶಸ್ತಿಯಿಂದ ತಿಳಿದುಬರುತ್ತದೆ. ಅದು ಗೆದ್ದವನ ಕಡೆಯ ಲೇಖವೆಂಬದನ್ನು ಮರೆಯತಕ್ಕದ್ದಲ್ಲ. ಆದರೂ ಎರಡು ಶಾಸನಗಳನ್ನು ಒಂದರ ಬದಿಗೊಂದು ಇಟ್ಟು ಓದಿದವರ ಮನಸ್ಸು ಕಲಕದೆ ಇರದು. ಪುಣ್ಯವನ್ನೇ ಅಣ್ಣನಿಗೆ ಧಾರೆಯೆರೆದ ಕೈಯು ಅಣ್ಣನ ಮಗನಿಗೆ ಪಟ್ಟವನ್ನು ಬಿಟ್ಟುಕೊಡಲಾರದೆ ಹೋಯಿತು. ಕಾಣದ ಪುಣ್ಯವನ್ನು ಬಿಡುವದು ಸುಲಭ. ಹಣೆಯ ಮೇಲೆ ಕುಳಿತ ಪಟ್ಟವನ್ನು ಬಿಚ್ಚುವದು ಕಠಿಣ.

ರಾಮಾಯಣವನ್ನು ಬಲ್ಲ ಮನೆಗಳಲ್ಲಿ ಇದಕ್ಕೆ ಪ್ರತಿಯಾಗಿ ಭರತನ ನೆನಪು ಬಾರದೆ ಇರುವದಿಲ್ಲ. ಭರತನಿಗೆ ತಂದೆಯ ವಚನದ ಬಲವಿತ್ತು, ಪಟ್ಟವು ಖಾಲಿಯಿತ್ತು, ತಡೆಯುವವರೂ ಇರಲಿಲ್ಲ. ಅವನು ಅಣ್ಣನ ಪಾದುಕೆಗಳನ್ನು ತಂದು ಪೀಠದ ಮೇಲಿರಿಸಿ, ಹದಿನಾಲ್ಕು ವರ್ಷ ನಂದಿಗ್ರಾಮದಿಂದ ರಾಜ್ಯಭಾರವನ್ನು ಮಾಡಿದನು. ಕಿರೀಟಕ್ಕಿಂತ ಪಾದುಕೆಯು ಹೀನವಾದ ವಸ್ತು. ಆದರೂ ರಾಜಚಿಹ್ನಗಳಲ್ಲೆಲ್ಲ ಅದಕ್ಕಿಂತ ಹೆಚ್ಚಿನದಿಲ್ಲವೆಂಬಂತೆ ಈ ದೇಶದ ಜನರು ಅದನ್ನು ತಲೆಯ ಮೇಲಿಟ್ಟುಕೊಂಡರು. ಒಡೆಯನು ಬರುವವರೆಗೆ ಕಾಯ್ದು, ಬಂದೊಡನೆ ಒಪ್ಪಿಸಿದ್ದೇ ಆ ಮಹತ್ತಿಗೆ ಕಾರಣವಲ್ಲದೆ ಬೇರೆಯಲ್ಲ. ಮಂಗಲೇಶನು ಕೊರೆಯಿಸಿದ ಶಿಲ್ಪದಲ್ಲಿ ನ್ಯಾಸದ ತತ್ತ್ವವಿತ್ತು. ಭರತನ ಬಾಳಿನಲ್ಲಿ ಅದರ ಆಚರಣೆಯಿತ್ತು. ತತ್ತ್ವವನ್ನು ಕಲ್ಲಿನಲ್ಲಿ ಕೆತ್ತಿಸಿದ ಮಾತ್ರಕ್ಕೆ ಅದು ಕೆತ್ತಿಸಿದವನನ್ನು ಕಾಪಾಡುವದಿಲ್ಲ. ಪೂರ್ವಪಕ್ಷಿಯ ಆಕ್ಷೇಪಕ್ಕೆ ಇಲ್ಲಿಂದ ಅರ್ಧ ಉತ್ತರ ದೊರೆಯುತ್ತದೆ: ದೇವರಿಗೆ ತೊಡಿಸಿದ ಆಭರಣವು ವಿನಯವೋ ಉಪಾಯವೋ ಎಂಬದು ಗುಹೆಯಲ್ಲಿ ನಿರ್ಣಯವಾಗುವದಿಲ್ಲ, ಒಪ್ಪಿಸುವ ಹೊತ್ತು ಬಂದಾಗ ನಿರ್ಣಯವಾಗುತ್ತದೆ.

ಉಳಿದರ್ಧವು ಬಾದಾಮಿಯು ಬಿದ್ದ ಮೇಲಿನ ಇತಿಹಾಸದಲ್ಲಿದೆ. ಕ್ರಿ.ಶ. 642ರಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದು, ‘ವಾತಾಪಿಕೊಂಡ’ನೆಂದು ಬಿರುದು ತಾಳಿ, ಇಲ್ಲಿಯ ಬಂಡೆಯ ಮೇಲೆಯೇ ತನ್ನ ವಿಜಯದ ಶಾಸನವನ್ನು ಕೊರೆಯಿಸಿದನು. ಸೋತವನ ಊರಿನಲ್ಲಿ ಸೋಲನ್ನು ಬರೆದಿಡುವದು ಆ ಕಾಲದ ರಾಜನೀತಿಗೆ ಒಪ್ಪಿದ್ದೇ. ಸುಮಾರು ಒಂದು ಶತಮಾನವು ಕಳೆದ ಮೇಲೆ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನು ಸೈನ್ಯಸಮೇತನಾಗಿ ಪಲ್ಲವರ ರಾಜಧಾನಿಯಾದ ಕಂಚಿಯನ್ನು ಪ್ರವೇಶಿಸಿದನು. ಅವನ ಮಗನಾದ ಎರಡನೆಯ ಕೀರ್ತಿವರ್ಮನ ಕೆಂದೂರಿನ ತಾಮ್ರಶಾಸನವು ಆ ಪ್ರಸಂಗವನ್ನು ವಿವರಿಸುತ್ತದೆ. ರಣರಂಗದಲ್ಲಿ ಪಲ್ಲವ ಅರಸನಿಂದ ಅವನ ವಾದ್ಯಗಳನ್ನೂ, ಖಟ್ವಾಂಗಧ್ವಜವನ್ನೂ, ಆನೆಗಳನ್ನೂ, ಮಾಣಿಕ್ಯದ ರಾಶಿಯನ್ನೂ ವಿಕ್ರಮಾದಿತ್ಯನು ತೆಗೆದುಕೊಂಡನು. ಆದರೆ ಪಟ್ಟಣವನ್ನು ಕೆಡಿಸಲಿಲ್ಲ. ದೀನರಿಗೂ ವಿಪ್ರರಿಗೂ ದಾನವಿತ್ತನು. ರಾಜಸಿಂಹೇಶ್ವರ ಮೊದಲಾದ ದೇವಾಲಯಗಳ ಬಂಗಾರದ ರಾಶಿಯನ್ನು ಆ ದೇವರುಗಳಿಗೇ ತಿರುಗಿ ಒಪ್ಪಿಸಿದನು. ಕಂಚಿಯ ಕೈಲಾಸನಾಥ ದೇವಾಲಯವೆಂದು ಈಗ ಕರೆಯಲ್ಪಡುವ ಆ ರಾಜಸಿಂಹೇಶ್ವರದ ಮಂಟಪದ ಕಂಬವೊಂದರಲ್ಲಿ ಇದನ್ನು ಸಾರುವ ವಿಕ್ರಮಾದಿತ್ಯನ ಶಾಸನವಿದೆ. ಅದು ಕನ್ನಡದಲ್ಲಿದೆ. ಬಾದಾಮಿಯ ಬಂಡೆಯ ಮೇಲೆ ಪಲ್ಲವನು ‘ಕೊಂಡೆ’ನೆಂದು ಬರೆಯಿಸಿದರೆ, ಕಂಚಿಯ ಕಂಬದ ಮೇಲೆ ಕನ್ನಡಿಗನು ‘ಕೊಟ್ಟೆ’ನೆಂದು ಬರೆಯಿಸಿದನು.

ವಿಕ್ರಮಾದಿತ್ಯನನ್ನು ಸಂತನನ್ನಾಗಿ ಮಾಡುವದು ಬೇಡ. ಅವನು ಕಂಚಿಯನ್ನು ಮೂರು ಸಾರೆ ಗೆದ್ದವನೆಂದು ಪಟ್ಟದಕಲ್ಲಿನ ಶಾಸನಗಳು ಹೊಗಳುತ್ತವೆ. ಯುದ್ಧವೆಂದರೆ ಊರ ಬಡವರ ಮನೆಯಲ್ಲಿ ಏನಾಗುವದೆಂಬದನ್ನು ಯಾವ ಶಾಸನವೂ ಬರೆಯುವದಿಲ್ಲ. ಆದರೂ ಅವನು ಒಂದು ಮೇರೆಯನ್ನು ಕಂಡನು. ಅರಸನ ಧ್ವಜವು ಅರಸನೊಡನೆ ಸೋಲುವದು. ದೇವರ ಬಂಗಾರವು ಸೋತವನದಲ್ಲ, ಆದುದರಿಂದ ಗೆದ್ದವನದೂ ಆಗಲಾರದು. ಗೆದ್ದ ಗಳಿಗೆಯಲ್ಲಿ, ತಡೆಯುವ ಕೈಯಿಲ್ಲದಿರುವಾಗ, ‘ಇದು ನನ್ನದಲ್ಲ’ ಎಂದು ಹೇಳಬಲ್ಲವನಿಗೆ ನ್ಯಾಸದ ಅರ್ಥವು ತಿಳಿದಿದೆ ಎಂದು ಹೇಳಬೇಕಾಗುತ್ತದೆ. ಆ ವಿಜಯದ ಸ್ಮರಣೆಗಾಗಿ ಅವನ ರಾಣಿ ಲೋಕಮಹಾದೇವಿಯು ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಲೋಕೇಶ್ವರ ದೇವಾಲಯವೇ ಇಂದಿನ ವಿರೂಪಾಕ್ಷ. ಅದನ್ನು ಕಟ್ಟಿದ ಆಚಾರಿ ಗುಂಡನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದದ್ದನ್ನು ಅಲ್ಲಿಯ ಕಲ್ಲಿನಲ್ಲಿಯೇ ಬರೆದಿದ್ದಾರೆ. ಅರಸನ ಹೆಸರಿನೊಡನೆ ಉಳಿ ಹಿಡಿದವನ ಹೆಸರೂ ಉಳಿಯಬೇಕೆಂದು ಆಗಿನವರಿಗೆ ತೋರಿತು. ಅಲಂಕಾರವನ್ನು ತೊಟ್ಟವನು ಅದನ್ನು ಮಾಡಿದ ಕೈಗೆ ಸಲ್ಲಿಸಬೇಕಾದ ಋಣವೊಂದುಂಟೆಂಬದನ್ನು ಇದು ನೆನಪಿಸುತ್ತದೆ.

ಚಿಹ್ನವು ಕೈಬಿಟ್ಟು ಹೋಗುವ ಸಂಕಟವು ಆಫ್ರಿಕದ ಆ ನಾಡಿಗೂ ತಪ್ಪಲಿಲ್ಲ. ಬಾಮಿಲೆಕೆಯವರ ನೆರೆಯವರಾದ ಬಾಮುಮ್ ಜನರ ಅರಸನಾದ ನ್ಜೋಯಾ ಎಂಬವನು, ಆ ದೇಶವು ಜರ್ಮನರ ಕೈಯಲ್ಲಿದ್ದ ಕಾಲದಲ್ಲಿ, ತನ್ನ ತಂದೆಯ ಮಣಿಗಳ ಸಿಂಹಾಸನವನ್ನು 1908ರಲ್ಲಿ ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮನಿಗೆ ಕಾಣಿಕೆಯಾಗಿ ಕೊಟ್ಟನು. ‘ಮಂಡು ಯೆನು’ ಎಂಬ ಹೆಸರಿನ ಆ ಸಿಂಹಾಸನವು ಬರ್ಲಿನ್ನಿನಲ್ಲಿದೆ. ಅದರಂತೆಯೇ ಇನ್ನೊಂದನ್ನು ಮಾಡಿಸಿ ಕಳುಹಿಸಬೇಕೆಂಬ ವಿಚಾರವಿತ್ತು, ಹೊತ್ತಿಗೆ ಸರಿಯಾಗಿ ಅದು ಸಿದ್ಧವಾಗಲಿಲ್ಲ, ಮೂಲವೇ ಹೋಯಿತು. ಪರಾಧೀನನಾದ ಅರಸನು ಕೊಟ್ಟ ಕಾಣಿಕೆಯನ್ನು ಸ್ವೇಚ್ಛೆಯ ದಾನವೆನ್ನಬೇಕೋ, ಬಲಾತ್ಕಾರದ ಒಂದು ಸೌಮ್ಯರೂಪವೆನ್ನಬೇಕೋ? ಕೊಟ್ಟವನ ಮನಸ್ಸು ಹೇಗೇ ಇದ್ದಿರಲಿ, ಇನ್ನೊಂದು ಪ್ರಶ್ನೆಯು ಉಳಿಯುತ್ತದೆ. ತಂದೆಯಿಂದ ಬಂದು ಮಗನಿಗೆ ಹೋಗಬೇಕಾದ ಪೀಠವನ್ನು ನಡುವಿನವನೊಬ್ಬನು ದಾನ ಮಾಡಲು ಬರುವದೇ? ನ್ಯಾಸವನ್ನು ಕಾಯುವವನಿಗೆ ಅದನ್ನು ಉಪಯೋಗಿಸುವ ಹಕ್ಕಿರಬಹುದು. ಪರಭಾರೆ ಮಾಡುವ ಹಕ್ಕು ಎಲ್ಲಿಂದ ಬಂತು?

ಅದೇ ಎತ್ತರದ ನಾಡಿನ ಕೋಮ್ ಎಂಬ ಸಂಸ್ಥಾನದಲ್ಲಿ ಮಣಿಗಳಿಂದ ಮುಚ್ಚಿದ ‘ಅಫೋ-ಆ-ಕೋಮ್’ ಎಂಬ ರಾಜಮೂರ್ತಿಯಿತ್ತು. 1966ರಲ್ಲಿ ಅದನ್ನು ಕಳವು ಮಾಡಿದರು. ಕೈಯಿಂದ ಕೈಗೆ ದಾಟಿ ಅದು ಅಮೇರಿಕೆಯ ನ್ಯೂಯಾರ್ಕಿನ ಕಲಾವ್ಯಾಪಾರಿಯೊಬ್ಬನಲ್ಲಿಗೆ ಬಂದಿತ್ತು. 1973ರಲ್ಲಿ ಅದರ ಗುರುತು ಹತ್ತಿ, ಅದೇ ವರ್ಷದ ಕೊನೆಯಲ್ಲಿ ಮೂರ್ತಿಯು ಕೋಮ್‌ಗೆ ತಿರುಗಿ ಬಂತು. ವ್ಯಾಪಾರಿಯ ಕಣ್ಣಿಗೆ ಅದು ಬೆಲೆಯುಳ್ಳ ಕಲಾವಸ್ತು. ಕೋಮ್ ಜನರಿಗೆ ಅದು ತಮ್ಮೆಲ್ಲರನ್ನು ಒಂದುಗೂಡಿಸಿ ಹಿಡಿದಿಟ್ಟ ಗಂಟು. ಮೂರ್ತಿಯು ಕಣ್ಮರೆಯಾದದ್ದು ಆ ಜನರಿಗೆ ಕೇವಲ ಒಂದು ವಸ್ತುವಿನ ನಷ್ಟವಾಗಿರಲಿಲ್ಲ. ಇಲ್ಲಿ ಬಾದಾಮಿಯ ಶಿಲ್ಪಕ್ಕೊಂದು ಸುದೈವವುಂಟೆಂದು ಹೇಳಬೇಕು. ಬೆಟ್ಟದಿಂದ ಬೇರ್ಪಡಿಸದೆ ಕೊರೆದ ಮೂರ್ತಿಯನ್ನು ಹೊತ್ತೊಯ್ಯುವದು ಸಾಮಾನ್ಯರ ಕೈಯಿಂದ ಸಾಧ್ಯವಿಲ್ಲ. ಆದರೆ ಬಿಡಿಮೂರ್ತಿಗಳಿಗೆ ಆ ಭಾಗ್ಯವಿಲ್ಲ. ಕಳವಾದ ದೇವರ ವಿಗ್ರಹಗಳು ಪರದೇಶಗಳಿಂದ ತಿರುಗಿ ಬರುತ್ತಿರುವ ಸುದ್ದಿಯನ್ನು ಇತ್ತೀಚಿನ ವರ್ಷಗಳಲ್ಲಿ ಮೇಲಿಂದ ಮೇಲೆ ಓದುತ್ತಿದ್ದೇವೆಂಬದೇ ಎಷ್ಟು ಹೋಗಿವೆ ಎಂಬದಕ್ಕೆ ಸಾಕ್ಷಿ.

ಇಲ್ಲಿಯವರೆಗಿನ ವಿಚಾರದಿಂದ ಒಂದು ಸಿದ್ಧಾಂತವು ಹೊರಡುತ್ತದೆ. ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳೊಡನೆ ಹುಟ್ಟುತ್ತಾನೆಂದು ವೇದವನ್ನು ಬಲ್ಲವರು ಹೇಳುತ್ತಾರೆ. ಪಟ್ಟವನ್ನು ತೊಟ್ಟವನೂ ಅದರೊಡನೆ ಮೂರು ಋಣಗಳನ್ನು ತೊಡುತ್ತಾನೆ. ಮೊದಲನೆಯದು ಅದನ್ನು ಮಾಡಿದ ಕೈಗಳ ಋಣ. ಗುಂಡನ ಹೆಸರನ್ನು ಬರೆದವರು ಅದನ್ನು ಬಲ್ಲವರಾಗಿದ್ದರು. ಎರಡನೆಯದು ಅದರ ಬೆಲೆಯನ್ನು ತೆತ್ತವರ ಋಣ. ಮಣಿಗಾಗಿ ಮಾರಿಹೋದವನೂ, ದೇವರ ಉತ್ಸವಕ್ಕಾಗಿ ಸುಲಿಗೆಯಾದ ನಾಡೂ ಈ ಲೆಕ್ಕದಲ್ಲಿ ಸೇರುತ್ತವೆ. ಈ ಋಣವನ್ನು ಅನೇಕ ಸಲ ತೀರಿಸಲು ಬರುವದಿಲ್ಲ, ಏಕೆಂದರೆ ತೆತ್ತವನು ಉಳಿದಿರುವದಿಲ್ಲ. ಅದನ್ನು ಮರೆಯದಿರುವದೊಂದೇ ಸಾಧ್ಯ. ಮೂರನೆಯದು ಮುಂದೆ ಬರುವವನ ಋಣ. ಇದೊಂದನ್ನು ಮಾತ್ರ ಪೂರ್ತಿಯಾಗಿ ತೀರಿಸಬಹುದು, ಹೊತ್ತಿಗೆ ಸರಿಯಾಗಿ ಕೆಳಗಿಳಿಯುವದರಿಂದ. ಮಂಗಲೇಶನಿಗೆ ಸಾಧ್ಯವಾಗದೆ ಹೋದದ್ದು ಇದೇ.

‘ಈಗ ಅರಸರೇ ಇಲ್ಲ; ಈ ವಿಚಾರವು ಯಾರಿಗೆ ಬೇಕು?’ ಎನ್ನುವದು ಸಲ್ಲದು. ಅರಸರು ಹೋದರೂ ಪಟ್ಟಗಳು ಹೋಗಿಲ್ಲ. ದೇವಸ್ಥಾನದ ಪಂಚರಲ್ಲಿ, ಸಹಕಾರಿ ಸಂಘದ ಅಧ್ಯಕ್ಷರಲ್ಲಿ, ಊರ ಶಾಲೆಯ ಮೇಲ್ವಿಚಾರಕರಲ್ಲಿ, ಚುನಾಯಿತರಾದ ಪ್ರತಿನಿಧಿಗಳಲ್ಲಿ ಅದು ಹರಿದು ಹಂಚಿಹೋಗಿದೆ. ಸಭೆಯಲ್ಲಿ ಹಾಕಿದ ಹೂವಿನ ಹಾರವನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಡುವ ರೂಢಿಯು ಇನ್ನೂ ಇದೆ. ಸ್ಥಾನವನ್ನು ಹಾಗೆ ತೆಗೆದಿಡುವ ರೂಢಿಯು ಮಾತ್ರ ವಿರಳ. ಇಪ್ಪತ್ತು ವರ್ಷ ಸಂಸ್ಥೆಯೊಂದನ್ನು ಪ್ರಾಮಾಣಿಕವಾಗಿ ನಡೆಯಿಸಿದವರು ಕೂಡ ಇಪ್ಪತ್ತೊಂದನೆಯ ವರ್ಷಕ್ಕೆ ಅದನ್ನು ತಮ್ಮ ಮಗನ ಆಸ್ತಿಯೆಂಬಂತೆ ಕಾಣತೊಡಗುವದುಂಟು. ಮನೆಗಳ ಒಳಗೂ ಇದೇ ಪರೀಕ್ಷೆಯುಂಟು. ಅತ್ತೆಯ ಸೊಂಟದ ಬೀಗದ ಕೈಗೊಂಚಲು ಸೊಸೆಯ ಸೊಂಟಕ್ಕೆ ಯಾವಾಗ ಬರಬೇಕೆಂಬದನ್ನು ಯಾವ ಶಾಸ್ತ್ರವೂ ತಿಥಿವಾರಗಳಿಂದ ಗೊತ್ತುಪಡಿಸಿಲ್ಲ. ಅದನ್ನು ತಾನಾಗಿ ಬಿಚ್ಚಿಕೊಟ್ಟ ಹಿರಿಯಳ ಗೌರವವು ಕೊಟ್ಟ ಮೇಲೆ ಹೆಚ್ಚಿತೇ ಹೊರತು ಕಡಿಮೆಯಾದದ್ದಿಲ್ಲ.

ಬಾದಾಮಿಯಿಂದ ಸುಮಾರು ಐದು ಕಿಲೋಮೀಟರಿನ ಮೇಲೆ ಚೊಳಚಗುಡ್ಡದ ಹತ್ತಿರ ಬನಶಂಕರಿಯ ಗುಡಿಯಿದೆ. ಈಗಿನ ಕಟ್ಟಡವು 1750ರದು. ದೇವಿಯ ನೆಲೆಯು ಅದಕ್ಕಿಂತ ಬಹು ಹಿಂದಿನದು. ಅವಳು ಚಾಲುಕ್ಯರ ಕುಲದೇವಿಯೆಂದು ಪ್ರತೀತಿಯುಂಟು. ದೇವಾಂಗ ನೇಕಾರರೂ ಅವಳನ್ನು ಕುಲದೇವಿಯೆಂದು ನಡೆದುಕೊಳ್ಳುತ್ತಾರೆ. ಅರಸನಿಗೂ ನೇಕಾರನಿಗೂ ಒಬ್ಬಳೇ ತಾಯಿ. ಅವಳ ಇನ್ನೊಂದು ಹೆಸರು ಶಾಕಂಭರಿ. ನೂರು ವರ್ಷ ಮಳೆಯಿಲ್ಲದೆ ಲೋಕವು ಬೆಂದಾಗ ತನ್ನ ಮೈಯಿಂದಲೇ ಕಾಯಿಪಲ್ಲೆಗಳನ್ನು ಬೆಳೆದು ಜೀವಿಗಳನ್ನು ಕಾಪಾಡಿದವಳೆಂದು ಪುರಾಣವು ಹೇಳುತ್ತದೆ. ಪುಷ್ಯಮಾಸದ ಬನದ ಹುಣ್ಣಿಮೆಗೆ ಅವಳ ತೇರು. ಅದಕ್ಕೆ ಮೊದಲು ಪಲ್ಯದ ಹಬ್ಬ, ನೂರೆಂಟು ಬಗೆಯ ಪಲ್ಯಗಳ ನೈವೇದ್ಯ. ಚಕ್ರವರ್ತಿಗಳ ಕುಲದೇವಿಗೆ ಮುತ್ತುರತ್ನಗಳು ದೊರೆಯದೆ ಇರಲಿಲ್ಲ. ಆದರೆ ಆ ದಿನ ಅವಳಿಗೆ ಸಲ್ಲುವದು ಬದನೆ, ಹೀರೆ, ಅವರೆ, ಮೆಂತೆ, ಹೊಲದಲ್ಲಿ ಬೆಳೆದ ಸೊಪ್ಪು. ಸಂಜೆಗೆ ಅದೇ ಪ್ರಸಾದವಾಗಿ ಜನರ ಎಲೆಗೆ ಬರುತ್ತದೆ. ಅದನ್ನು ಭಂಡಾರದಲ್ಲಿ ಕೂಡಿಡಲು ಬರುವದಿಲ್ಲ, ಮಗನ ಹೆಸರಿಗೆ ಬರೆದಿಡಲು ಬರುವದಿಲ್ಲ, ಯಾವ ವೈರಿಯೂ ಹೊತ್ತೊಯ್ಯಲಾರನು. ಮರುವರ್ಷ ಮತ್ತೆ ಯಾರೋ ಒಬ್ಬನು ಹೊಲಕ್ಕೆ ಹೋಗಿ ಕಿತ್ತು ತರಬೇಕು.